ಕಂಬ ವಾಲಿದ ಮಳೆಗಾಲ

ಮೊನ್ನೆ ಜೆ.ಪಿ. ನಗರದ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಮುಂದೆ ಒಂದು ಟಿಪ್ಪರ್ ಲಾರಿ ನಿಂತಿತ್ತು. ಯಾವುದೋ ಕೆರೆಯ ಹೂಳು ತುಂಬಿಕೊಂಡು ಹೊರಟಿತ್ತು. ಹಿಂದಿನ ಬಾಗಿಲ ಸಂದಿಯಿಂದ ಕಪ್ಪು ನೀರು ರಸ್ತೆಗೆ ತೊಟ್ಟಿಕ್ಕುತ್ತಿತ್ತು. ಪಕ್ಕದ ಕಾರಿನವರು ಮೂಗು ಮುಚ್ಚಿಕೊಂಡು ಗಾಜು ಏರಿಸಿದರು. ನಾನು ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿ ಆ ವಾಸನೆಯನ್ನು ಪೂರ್ತಿ ಒಳಗೆಳೆದುಕೊಂಡೆ. ಕೊಳೆತ ಜೊಂಡು, ಸತ್ತ ಮೀನು, ತುಕ್ಕು. ಕೆರೆಯ ತಳದ ಈ ಕಪ್ಪು ಮಣ್ಣಿಗೆ ನಮ್ಮ ಕಡೆ ಗೋಡು ಅನ್ನುತ್ತಾರೆ. ಗಿಡಕ್ಕೆ ಇದಕ್ಕಿಂತ ಒಳ್ಳೆಯ ಮಣ್ಣಿಲ್ಲ. ನನ್ನ ಪಿಎಚ್.ಡಿ. ಹೂತುಹೋದದ್ದು ಇದೇ ಮಣ್ಣಿನಲ್ಲಿ. ಹಸಿರು ದೀಪ ಬಿದ್ದು, ಹಿಂದಿನವರು ಹಾರ್ನ್ ಹೊಡೆದು ಬೈಯುವವರೆಗೂ ನಾನು ಅಲ್ಲೇ ನಿಂತಿದ್ದೆ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲ ಜೀವ ನಾನು. ಕೆಲವರು ಇಂಥದ್ದನ್ನು ವಿನಯದಿಂದ ಹೇಳಿಕೊಳ್ಳುತ್ತಾರೆ. ನಾನು ಜೋರಾಗಿಯೇ ಹೇಳುತ್ತೇನೆ. ಅಪ್ಪ ಸುಬ್ರಹ್ಮಣ್ಯಪುರದ ಸುತ್ತಮುತ್ತ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ನಾನು ಪಿಯುಸಿಗೆ ಸೇರಿದ ವರ್ಷ ತೀರಿಕೊಂಡ. ಅಮ್ಮ ಗೌರಮ್ಮ ಬನಶಂಕರಿಯ ಒಂದು ಕಾಂಡಿಮೆಂಟ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಚಕ್ಕುಲಿ ಒತ್ತುತ್ತಿದ್ದಳು, ಕೋಡುಬಳೆ ಹೊಸೆಯುತ್ತಿದ್ದಳು. ಎಣ್ಣೆಯ ಕಾವಿಗೆ ಮೊಣಕೈವರೆಗೂ ಅವಳ ಚರ್ಮ ಕಪ್ಪಾಗಿತ್ತು. ಆ ಕೈಗಳೇ ನನ್ನನ್ನು ಎಂ.ಎಸ್ಸಿ. ಜಿಯಾಲಜಿವರೆಗೆ ಓದಿಸಿದ್ದು.

ಜಿಯಾಲಜಿಯೇ ಯಾಕೆ ಅಂದರೆ, ನಮ್ಮ ಬೀದಿಯ ಹಿಂದೆ ಒಂದು ಬಂಡೆಯಿತ್ತು. ಸುತ್ತ ಎಲ್ಲ ಕಡೆ ಸೈಟುಗಳಾಗಿ ಮನೆಗಳೆದ್ದರೂ ಅದನ್ನು ಒಡೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ ಒಂದು ಸಂಶೋಧನಾ ಸಂಸ್ಥೆಯವರು ಬಂದು ಆ ಬಂಡೆಗೆ ರಂಧ್ರ ಕೊರೆದು, ಎದೆಯೆತ್ತರದ ಕಾಂಕ್ರೀಟ್ ಕಂಬ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಬಿಳಿಯ ಗುಮ್ಮಟದಂಥ ಒಂದು ಆಂಟೆನಾ ಕೂರಿಸಿದರು. ಸುತ್ತ ತಂತಿಬೇಲಿ ಹಾಕಿದರು. ಏನಿದು ಅಂತ ಹೋಗಿ ಕೇಳಿದೆ. ಕೆಲಸ ಮಾಡಿಸುತ್ತಿದ್ದ ಪ್ರೊಫೆಸರು ನನ್ನನ್ನು ಗದರಿಸಿ ಓಡಿಸಲಿಲ್ಲ. ಕೂರಿಸಿಕೊಂಡು ಹೇಳಿದರು.

"ಈ ಬಂಡೆ, ನಿಮ್ಮನೆ, ಇಡೀ ದೇಶ ಈಶಾನ್ಯಕ್ಕೆ ಓಡ್ತಾ ಇದೆ ಪುಟ್ಟ. ನಿನ್ನ ಉಗುರು ಬೆಳೆಯುತ್ತಲ್ಲ, ಹೆಚ್ಚುಕಮ್ಮಿ ಆ ಸ್ಪೀಡಲ್ಲಿ. ಹೋಗಿ ಹಿಮಾಲಯಕ್ಕೆ ಗುದ್ತಿದೆ. ಅಲ್ಲಿ ನೆಲ ಎಷ್ಟು ಬಾಗ್ತಿದೆ ಅಂತ ಅಳೀಬೇಕಾದ್ರೆ ಇಲ್ಲಿ ಒಂದು ಅಲ್ಲಾಡದ ಗೂಟ ಬೇಕು. ಇದೇ ಆ ಗೂಟ."

"ಓಡ್ತಿದೆ ಅಂತೀರ, ಅಲ್ಲಾಡಲ್ಲ ಅಂತೀರ?"

ಅವರು ಜೋರಾಗಿ ನಕ್ಕರು. "ರೈಲಲ್ಲಿ ಹೋಗೋನು ಸೀಟು ಬಿಟ್ಟು ಎದ್ದಿಲ್ಲ ಅಂದ್ರೆ ಅಲ್ಲಾಡಿಲ್ಲ ಅಂತ ತಾನೇ? ದಕ್ಷಿಣ ಭಾರತ ಹಾಗೆ. ಸೀಟು ಬಿಟ್ಟು ಏಳಲ್ಲ."

ಒಬ್ಬ ದೊಡ್ಡ ಮನುಷ್ಯ ನನ್ನ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅದೇ ಮೊದಲು. ಎಂ.ಎಸ್ಸಿ. ಮುಗಿಸಿದ ಮೇಲೆ ಅವರ ಪ್ರಾಜೆಕ್ಟಿನಲ್ಲೇ ಕೆಲಸ ಸಿಕ್ಕಿತು; ಅವರೇ ನನ್ನ ಗೈಡು. ಕೆಲಸ ಒಂದು ವರ್ಷದ್ದು. ವರ್ಷದ ಕೊನೆಗೆ ಹೊರಗಿನ ತಜ್ಞರ ಸಮಿತಿ ಕೂತು, ನನ್ನನ್ನು ಡಾಕ್ಟರೇಟಿಗೆ ನೋಂದಾಯಿಸಿಕೊಳ್ಳಬೇಕೋ ಬೇಡವೋ ಹೇಳುತ್ತದೆ. ಹೌದು ಅಂದರೆ ಮುಂದಿನ ಓದು. ಇಲ್ಲ ಅಂದರೆ ಮನೆ. ಆ ವರ್ಷ ನನಗಿದ್ದದ್ದು ಇದೊಂದೇ ಲೆಕ್ಕ.

ಅಮ್ಮನ ಲೆಕ್ಕ ಬೇರೆಯಿತ್ತು. ನನಗೆ ಕೆಲಸ ಕೊಡಿಸಿದ್ದು ಆ ಕಂಬವೇ ಅಂತ ಅವಳು ತೀರ್ಮಾನಿಸಿದ್ದಳು. ಅಷ್ಟೊತ್ತಿಗೆ ತಂತಿಬೇಲಿಯನ್ನು ಯಾರೋ ಗುಜರಿಗೆ ಕಿತ್ತುಕೊಂಡು ಹೋಗಿದ್ದರು. ಹೊಸ ಬೇಲಿಗೆ ಸಂಸ್ಥೆಯಿಂದ ಕಂಟ್ರಾಕ್ಟರಿಗೆ ಪತ್ರದ ಮೇಲೆ ಪತ್ರ ಹೋಗಿದ್ದರೂ ಯಾರೂ ಬಂದಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಕಂಬದ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಒಂದು ಬೊಟ್ಟು. ದುಂಡನೆಯ ಕಂಬ, ದುಂಡನೆಯ ಬಿಳಿ ತಲೆ. ನಿಜ ಹೇಳಬೇಕೆಂದರೆ ಲಿಂಗವಲ್ಲ ಅಂತ ಹೇಳುವುದೇ ಕಷ್ಟವಿತ್ತು.

"ಅಮ್ಮ, ಅದು ಯಂತ್ರ. ಸ್ಯಾಟಲೈಟಿಂದ ಸಿಗ್ನಲ್ ಹಿಡಿಯತ್ತೆ. ಅದರ ತಲೆ ಮುಟ್ಟಬಾರದು."

"ತಲೆ ಮುಟ್ಟಲ್ಲ ಬಿಡೇ. ಕಾಲಿಗೆ ಮಾಡ್ತೀನಿ."

ಹೇಳಿದ ಮಾತಿಗೆ ಅವಳು ತಪ್ಪಲಿಲ್ಲ. ಕೊನೆಯವರೆಗೂ ಆಂಟೆನಾಗೆ ಒಂದು ಬೆರಳು ತಾಗಿಸಲಿಲ್ಲ.

ಆ ಬೇಸಿಗೆಯಲ್ಲಿ ನನ್ನನ್ನು ಹಿಮಾಲಯದ ತಪ್ಪಲಿಗೆ ಅಳತೆಗೆ ಕಳಿಸಿದರು. ಜೊತೆಗೆ ನನ್ನ ಸೀನಿಯರ್ ಮಂಜು. ಥೀಸಿಸ್ ಸಲ್ಲಿಸುವ ಹಂತದಲ್ಲಿದ್ದವನು. ಅಲ್ಲಿನ ಹಳ್ಳಿಗಳಲ್ಲಿ, ಶಾಲೆಯ ಮೈದಾನಗಳಲ್ಲಿ, ಬೆಟ್ಟದ ಬೆನ್ನುಗಳಲ್ಲಿ ಆಂಟೆನಾ ಹೊತ್ತ ಮೂರುಕಾಲಿನ ಸ್ಟ್ಯಾಂಡು ನೆಟ್ಟು, ಮಳೆ ಬಂದರೆ ಟಾರ್ಪಾಲು ಹೊದಿಸಿ ಕಾಯುವ ಕೆಲಸ. ಪುಸ್ತಕದಲ್ಲಿ ಓದಿದ್ದು ನನಗೆ ಅರ್ಥವಾದದ್ದು ಅಲ್ಲಿ. ಬನಶಂಕರಿಯ ಬಸ್ಸು ಹತ್ತಿದವರಿಗೆ ಅದನ್ನು ಹೇಳುವುದು ಸುಲಭ. ಹಿಂದಿನಿಂದ ಜನ ತಳ್ಳುತ್ತಿರುತ್ತಾರೆ, ಬಾಗಿಲ ಹತ್ತಿರ ಒಬ್ಬ ಸಿಕ್ಕಿಕೊಂಡಿರುತ್ತಾನೆ. ಅವನ ಪಕ್ಕೆ ಒಳಗೆ ಹೋಗುತ್ತದೆ, ಮೈ ಬಾಗುತ್ತದೆ, ಆದರೂ ಅವನು ಮುಂದೆ ಹೋಗುತ್ತಿಲ್ಲ. ಇದ್ದಕ್ಕಿದ್ದಂತೆ ಜಾರಿ ಒಳಗೆ ಬೀಳುತ್ತಾನೆ. ಆ ಜಾರಿದ ಗಳಿಗೆ ಭೂಕಂಪ. ಅದಕ್ಕೂ ಮುಂಚಿನ ಬಾಗುವಿಕೆ ನೂರಾರು ವರ್ಷದ್ದು; ಯಾರಿಗೂ ಕಾಣುವುದಿಲ್ಲ, ಯಾವ ಪೇಪರಿನಲ್ಲೂ ಬರುವುದಿಲ್ಲ.

ಒಳಗೆ ಬಿದ್ದ ಮೇಲೆ ಅವನ ಮೈ ನೆಟ್ಟಗಾಗುತ್ತದೆ. ಶರ್ಟಿನ ಸುಕ್ಕು ಮಾತ್ರ ಉಳಿಯುತ್ತದೆ. ಭೂಮಿಯ ತೊಗಟೆಯೂ ಹಾಗೆ. ಬಾಗಿದ್ದರಲ್ಲಿ ಬಹುಪಾಲು ಭೂಕಂಪದಲ್ಲಿ ಚಿಮ್ಮಿ ವಾಪಸು ಹೋಗುತ್ತದೆ, ಎಲ್ಲವೂ ಹೋಗುವುದಿಲ್ಲ. ಪ್ರತಿ ಸಲ ಉಳಿದ ಇಷ್ಟಿಷ್ಟು ಸುಕ್ಕು ಲಕ್ಷಾಂತರ ವರ್ಷ ಸೇರಿ ಬೆಟ್ಟವಾಗುತ್ತದೆ. ಎಷ್ಟು ವಾಪಸು ಹೋಗುತ್ತದೆ, ಎಷ್ಟು ಉಳಿಯುತ್ತದೆ ಅನ್ನುವುದು ತಿಳಿದರೆ ಮುಂದಿನ ಭೂಕಂಪ ಎಷ್ಟು ದೊಡ್ಡದಿರಬಹುದು ಎಂದು ಊಹಿಸಬಹುದು. ನಮ್ಮ ಪ್ರಾಜೆಕ್ಟು ಇದೇ. ಅದರ ಗೂಟ ನಮ್ಮ ಮನೆಯ ಹಿಂದಿತ್ತು.

ನಾನು ವಾಪಸು ಬಂದಾಗ ಬೆಂಗಳೂರಿಗೆ ಮಳೆ ಹಿಡಿದಿತ್ತು. ಬ್ಯಾಗು ಇಳಿಸುವ ಮುಂಚೆಯೇ ಅಮ್ಮ ಕೈಹಿಡಿದು ಬಂಡೆಗೆ ಎಳೆದುಕೊಂಡು ಹೋದಳು. ಕಂಬದ ಸುತ್ತ ಕಟ್ಟೆ ಎದ್ದಿತ್ತು. ಚಪ್ಪಡಿ ಕಲ್ಲಿನ ಅಂಚು, ಒಳಗೆ ತುಂಬಿದ ಕಪ್ಪು ಗೋಡು, ಮೂಲೆಯಲ್ಲೊಂದು ಬಿಲ್ವದ ಸಸಿ. ಕೆರೆಯ ಹೂಳೆತ್ತುವ ಲಾರಿಯವನನ್ನು ಒಪ್ಪಿಸಿ ಮಣ್ಣು ಸುರಿಸಿಕೊಂಡವಳು ಅಮ್ಮನೇ. ಬಂಡೆ ಇಳಿಜಾರಾದದ್ದರಿಂದ ಕಂಬದ ಒಂದು ಮಗ್ಗುಲಿಗೆ ಮೊಣಕಾಲೆತ್ತರ ಗೋಡು, ಇನ್ನೊಂದು ಮಗ್ಗುಲಿಗೆ ಗೇಣಷ್ಟೂ ಇರಲಿಲ್ಲ.

ಪಕ್ಕದಲ್ಲಿ ಶಿವಣ್ಣ ನಿಂತಿದ್ದರು. ಬೀದಿಯ ತುದಿಯಲ್ಲಿ ಪ್ರಾವಿಜನ್ ಸ್ಟೋರ್ ಇಟ್ಟವರು, ನಮ್ಮ ಬೀದಿಗೆ ಹಿರಿಯರು. ಚಪ್ಪಡಿ ಅವರದು.

"ಹೆಂಗಿದೆ ಮೇಡಂ ನಮ್ಮ ಕೆಲಸ? ನಿಮ್ಮ ಕಂಬದ ಬುಡದಲ್ಲಿ ನಾಯಿ ಕಾಲೆತ್ತುತಿತ್ತು. ಈಗ ಎತ್ತಲಿ ನೋಡೋಣ."

"ಅಂಕಲ್, ಇದನ್ನ ಕಟ್ಟಬಾರದಿತ್ತು. ಕಂಬ ಅಲ್ಲಾಡಿಬಿಟ್ರೆ..."

"ಬಂಡೆಗೆ ನೆಟ್ಟಿರೋ ಕಂಬ ಎಲ್ಲಿಗಮ್ಮಾ ಹೋಗತ್ತೆ? ಬಸ್ ಹಿಡಿಯತ್ತಾ?"

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಅವಳ ನಗು ನೋಡಿ ನಾನು ಅಲ್ಲಿ ಹೆಚ್ಚು ಮಾತಾಡಲಿಲ್ಲ. ಗಂಡ ಸತ್ತ ಹೆಂಗಸಿಗೆ ನಮ್ಮ ಬೀದಿಯ ಯಾವ ಮಂಗಳ ಕಾರ್ಯದಲ್ಲೂ ಮುಂದಿನ ಸಾಲು ಇರಲಿಲ್ಲ. ಈ ಕಟ್ಟೆಯ ಮುಂದೆ ಮಾತ್ರ ಮೊದಲ ಆರತಿ ಗೌರಮ್ಮನದು. ದೇವರನ್ನು ಕಂಡುಹಿಡಿದವಳು ಅವಳೇ ಅನ್ನುವ ಕಾರಣಕ್ಕೆ. ಸೋಮವಾರ ಸಂಜೆ ಗಂಡನಿರುವ ಹೆಂಗಸರು ಅವಳ ಕೈಯಿಂದ ತೀರ್ಥ ತಗೊಳ್ಳುತ್ತಿದ್ದರು. ಅಪ್ಪ ಹೋದ ಮೇಲೆ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದದ್ದನ್ನು ನಾನು ನೋಡಿದ್ದು ಆ ಮಳೆಗಾಲದಲ್ಲಿ.

ಅವತ್ತೇ ಲ್ಯಾಬಿಗೆ ಹೋಗಿ ಗೈಡಿಗೆ ಹೇಳಿದೆ. ಮಂಜು ಪಕ್ಕದ ಟೇಬಲ್ಲಿನಲ್ಲಿ ಕೂತು ಬನ್ ತಿನ್ನುತ್ತಿದ್ದ.

"ಸಾರ್, ಕಂಬದ ಸುತ್ತ ಕಟ್ಟೆ ಕಟ್ಟಿದಾರೆ. ಕೆರೆ ಗೋಡು ತುಂಬಿದಾರೆ. ನೀರು ಕುಡಿದ್ರೆ ಆ ಮಣ್ಣು ಊದ್ಕೊಳ್ಳತ್ತೆ. ಕಂಬಾನ ತಳ್ಳಬಹುದು."

"ಯಾರು ಕಟ್ಟಿದ್ದು?"

"ಬೀದಿಯೋರು ಸಾರ್. ನಮ್ಮಮ್ಮಾನೂ ಇದಾರೆ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಕಾಂಕ್ರೀಟ್ ಕಂಬವನ್ನ ನಿಮ್ಮಮ್ಮನ ಮಣ್ಣು ತಳ್ಳತ್ತೆ. ಬರೀಲಾ ಇದನ್ನ? ಹೋಗು, ಫೀಲ್ಡ್ ಡೇಟಾ ಕ್ಲೀನ್ ಮಾಡು."

ಬನ್ನಿನ ಚೂರು ಉದುರಿಸಿಕೊಂಡು ಮಂಜು ನಕ್ಕ.

ಆಮೇಲೆ ಗೆರೆ ಬಾಗತೊಡಗಿತು. ಕಂಬ ಎಲ್ಲಿದೆ ಅನ್ನುವುದನ್ನು ದಿನಕ್ಕೊಂದು ಚುಕ್ಕಿಯಾಗಿ ಕಂಪ್ಯೂಟರಿನ ಪರದೆಯ ಮೇಲೆ ಇಡುತ್ತಿದ್ದೆವು. ಅಷ್ಟು ವರ್ಷ ಆ ಚುಕ್ಕಿಗಳು ದೇಶದ ಜೊತೆ ಒಂದೇ ನೇರಕ್ಕೆ ಸಾಗಿದ್ದವು. ಆ ಆಷಾಢದಲ್ಲಿ ನಮ್ಮ ಕಂಬ ದೇಶಕ್ಕಿಂತ ಜೋರಾಗಿ ಈಶಾನ್ಯಕ್ಕೆ ಹೊರಟಿತು. ಜೋರು ಅಂದರೆ ಒಂದು ಅಕ್ಕಿಕಾಳಿನ ದಪ್ಪವೂ ಅಲ್ಲ. ನಮ್ಮ ಲೋಕದಲ್ಲಿ ಅದು ಓಟ.

ಗೈಡಿನ ಮುಖದಲ್ಲಿ ಅಂಥ ಬೆಳಕನ್ನು ನಾನು ಮುಂಚೆ ಕಂಡಿರಲಿಲ್ಲ. ದಕ್ಷಿಣದ ಹಳೇ ನೆಲ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ, ಅದೂ ಒಳಗೊಳಗೇ ಬಾಗುತ್ತದೆ, ಹಿಮಾಲಯಕ್ಕೆ ಮುಟ್ಟಬೇಕಾದ ತಳ್ಳಾಟದಲ್ಲಿ ಒಂದು ಪಾಲನ್ನು ಇದೇ ನುಂಗುತ್ತದೆ ಅಂತ ಅವರು ಬಹಳ ಕಾಲದಿಂದ ವಾದಿಸುತ್ತಿದ್ದರು. ಯಾರೂ ಕಿವಿಗೊಟ್ಟಿರಲಿಲ್ಲ. ಈಗ ಗೆರೆ ಕೈಗೆ ಸಿಕ್ಕಿತ್ತು. ಹಿಮಾಲಯದಲ್ಲಿ ಕಾದಿರುವ ಭೂಕಂಪ ಎಲ್ಲರೂ ಹೆದರಿದಷ್ಟು ದೊಡ್ಡದಲ್ಲ ಅಂತ ಅವರು ಸಮಿತಿಯ ಮುಂದೆ ಹೇಳುವವರಿದ್ದರು. ಆ ಮಾತನ್ನು ನಂಬಿ ಅಲ್ಲಿ ಯಾರಾದರೂ ಒಂದು ಶಾಲೆಯ ಗೋಡೆಯನ್ನು ತೆಳ್ಳಗೆ ಕಟ್ಟಿದರೆ ಏನು ಗತಿ? ಟಾರ್ಪಾಲು ಹಿಡಿದು ಕೂತ ಆ ಶಾಲೆಯ ಮೈದಾನಗಳು ನನ್ನ ಕಣ್ಣಮುಂದೆ ಬರುತ್ತಿದ್ದವು.

ಮತ್ತೆ ಹೋಗಿ ಕೇಳಿದೆ. "ಸಾರ್, ಇನ್ನೊಂದು ಗೂಟದ ಜೊತೆ ತಾಳೆ ನೋಡೋಣ. ಹತ್ತಿರದ ಬೇರೆ ಸ್ಟೇಷನ್ ಹೀಗೆ ಓಡ್ತಿಲ್ಲ. ನಮ್ಮದೊಂದೇ ಓಡ್ತಿದೆ. ಕಟ್ಟೆ ತೆಗೆಸಿ ಒಂದು ತಿಂಗಳು ಕಾದ್ರೆ..."

"ಸುಮಾ, ಕೂತ್ಕೋ." ಅವರ ದನಿ ಮೆತ್ತಗಿತ್ತು. "ನಿನ್ನ ಮನೇಲಿ ನಿನಗಿಂತ ಮುಂಚೆ ಯಾರು ಓದಿದಾರೆ?"

"ಯಾರೂ ಇಲ್ಲ ಸಾರ್."

"ಅದಕ್ಕೇ. ಓದಿದ ಮನೇಲಿ ಹುಟ್ಟಿದ್ರೆ ಒಂದು ವಿಷಯ ತಾನಾಗೇ ಬರತ್ತೆ. ದೊಡ್ಡ ಐಡಿಯಾ ಎದುರಿಗೆ ಬಂದಾಗ ಅದನ್ನ ಗುರುತಿಸೋದು. ನಿನಗೆ ಕಾಣೋದು ಬರೀ ಮಣ್ಣು. ನಿನ್ನ ತಪ್ಪಲ್ಲ. ನೋಂದಣಿ ಬೇಕು ತಾನೇ? ಸಮಿತಿ ಮುಂದೆ ನಾನು ಹೇಳಿದ ಸ್ಲೈಡ್ ತೋರಿಸು, ಸಾಕು."

ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಅಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸು ತನ್ನ ಬ್ಯಾಗು ಹಿಡಿದುಕೊಳ್ಳಲು ಕೊಟ್ಟಿದ್ದಳು. ಇಳಿಯುವಾಗ ಕೇಳಿ ತಗೊಂಡಾಗ ಅದರ ಹಿಡಿಯ ಮೇಲೆ ನನ್ನ ಉಗುರಿನ ಗುರುತು ಮೂಡಿತ್ತು. ಲ್ಯಾಬಿನಲ್ಲಿ ಮಂಜುವಿನ ತಮಾಷೆ ಬೇರೆ. "ಏನ್ ಗುರು, ನಿಮ್ಮನೆ ದೇವರು ಇವತ್ತು ಎಷ್ಟು ಮಿಲಿಮೀಟರ್ ವಾಕಿಂಗ್ ಹೋಯ್ತು?" ದಿನಾ ಬೆಳಿಗ್ಗೆ ಇದೇ. ಒಂದು ದಿನ ಕ್ಯಾಂಟೀನಿನಲ್ಲಿ ಅವನೇ ಪಿಸುಗುಟ್ಟಿದ. "ಸುಮಾ, ಕಟ್ಟೆ ಅಂತ ನನಗೂ ಗೊತ್ತು. ಆದ್ರೆ ನನ್ನ ಥೀಸಿಸ್‌ಗೆ ಸೈನ್ ಹಾಕೋನು ಅವನು. ಬಾಯಿ ಮುಚ್ಕೊಂಡಿರು."

ಅಮ್ಮನಿಗೂ ಹೇಳಿದೆ, ಕಟ್ಟೆ ತೆಗೆಯಬೇಕಾಗಬಹುದು ಅಂತ.

"ನಿಮ್ ಸಾರ್ ಹೇಳಿದ್ರಾ?"

"ಇಲ್ಲ. ನಾನೇ ಹೇಳ್ತಿದೀನಿ."

"ಹಂಗಾದ್ರೆ ಸುಮ್ನಿರು. ಶ್ರಾವಣ ನಡೀತಿದೆ. ಅವರು ಹೇಳಿದ ದಿನ ತೆಗೆಯೋಣ."

ಶ್ರಾವಣ ಪೂರ್ತಿ ಬಿಲ್ವದ ಸಸಿಗೆ ಕೊಡಗಟ್ಟಲೆ ನೀರು ಬಿತ್ತು. ಮಳೆಯೂ ಬಿತ್ತು. ಗೋಡು ಹಿಟ್ಟಿನ ಹಾಗೆ ಉಬ್ಬಿ ಚಪ್ಪಡಿಯ ಅಂಚು ದಾಟಿತು. ಗೆರೆ ಇನ್ನಷ್ಟು ಬಾಗಿತು.

ಸಮಿತಿ ಬಂದದ್ದು ಕಾರ್ತಿಕದಲ್ಲಿ. ಅಧ್ಯಕ್ಷೆ ಒಬ್ಬ ಹಿರಿಯ ಮೇಡಂ. ಮೈಸೂರಿನವರೇ, ಬಹಳ ವರ್ಷದಿಂದ ಉತ್ತರದಲ್ಲಿ ಕೆಲಸ. ಜೊತೆಗೆ ಇಬ್ಬರು ಗಂಡಸರು. ನಾನು ಸ್ಲೈಡ್ ತೋರಿಸಿದೆ. ಗೈಡು ದೊಡ್ಡ ಐಡಿಯಾ ಹೇಳಿದರು. ಮೇಡಂ ಎಲ್ಲ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದರು. "ಎಲ್ಲ ಈ ಒಂದು ಕಂಬದ ಮೇಲೆ ನಿಂತಿದೆಯಲ್ಲ. ಎಷ್ಟು ದೂರ? ನೋಡ್ಕೊಂಡು ಬರೋಣವಾ?"

ಇಲ್ಲ ಅನ್ನುವ ಹಾಗಿರಲಿಲ್ಲ. ಮಂಜುವೂ ಜೊತೆಗೆ ಬಂದ. ಕಾರಿನಲ್ಲಿ ಗೈಡು ದಾರಿಯುದ್ದಕ್ಕೂ ಹವೆಯ ಬಗ್ಗೆ ಮಾತಾಡಿದರು.

ಅವತ್ತು ಸೋಮವಾರ. ಅಮ್ಮ ಅಂಗಡಿಯಿಂದ ಬೇಗ ಬಂದು ಕಟ್ಟೆಯ ಸುತ್ತ ಹಣತೆ ಜೋಡಿಸುತ್ತಿದ್ದಳು. ಬೀದಿಯ ಹತ್ತೆಂಟು ಹೆಂಗಸರು, ಶಿವಣ್ಣ, ಎಲ್ಲರೂ ಇದ್ದರು. ದೊಡ್ಡ ಕಾರಿನಿಂದ ಮಗಳು ಇಳಿದಳು, ಅವಳ ಹಿಂದೆ ಅಷ್ಟು ಜನ ದೊಡ್ಡವರು ಇಳಿದರು. ಅಮ್ಮನ ಮುಖ ಅರಳಿತು. ತನ್ನ ದೇವರನ್ನು ನೋಡಲು ಬಂದಿದ್ದಾರೆ ಅಂದುಕೊಂಡಳು. ಸೆರಗು ಸರಿಮಾಡಿಕೊಂಡು ಎಲ್ಲರಿಗೂ ತೀರ್ಥ ಕೊಟ್ಟಳು. ಕೊಬ್ಬರಿ ಸಕ್ಕರೆ ಕೊಟ್ಟಳು. ಗೈಡು ಎರಡೂ ಕೈಯೊಡ್ಡಿ ತಗೊಂಡರು.

ಮೇಡಂ ಕಟ್ಟೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಗೋಡಿನೊಳಗೆ ಬೆರಳು ತೂರಿಸಿದರು. ಬೆರಳನ್ನು ಮೂಸಿದರು. ಕಂಬಕ್ಕೂ ಮಣ್ಣಿಗೂ ನಡುವಿನ ಸಂದಿಯಲ್ಲಿ ಪೆನ್ನು ಇಳಿಸಿ ನೋಡಿದರು. ಒಂದು ಮಗ್ಗುಲಲ್ಲಿ ಪೆನ್ನು ಹೋಯಿತು, ಇನ್ನೊಂದು ಮಗ್ಗುಲಲ್ಲಿ ಉಗುರೂ ಹೋಗಲಿಲ್ಲ.

"ಇದು ಯಾವಾಗ ಕಟ್ಟಿದ್ದಮ್ಮ?"

"ಮಳೆಗಾಲಕ್ಕೆ ಮುಂಚೆ ಮೇಡಂ. ನಾವೇ ಕಟ್ಟಿದ್ದು." ಅಮ್ಮ ನನ್ನ ಕಡೆ ಹೆಮ್ಮೆಯಿಂದ ನೋಡಿದಳು. "ಇವಳು ನನ್ನ ಮಗಳು."

ಮೇಡಂ ಎದ್ದು ನಿಂತು ಗೈಡಿನ ಕಡೆ ತಿರುಗಿದರು. ಅವರಿಬ್ಬರ ಮಾತು ಇಂಗ್ಲಿಷಿನಲ್ಲಿ ನಡೆಯಿತು. ಬೀದಿಯವರಿಗೆ ಕಂಡದ್ದು ಬರೀ ತುಟಿಗಳು. ಇದು ನಿಮಗೆ ಗೊತ್ತಿತ್ತೇ ಅಂತ ಕೇಳಿದರು. ಗೈಡು ಒಂದು ಕ್ಷಣವೂ ತಡೆಯಲಿಲ್ಲ. ಇಲ್ಲ, ಸೈಟಿನ ಜವಾಬ್ದಾರಿ ಸುಮಾಳದು, ಅವಳ ಮನೆಯವರದೇ ಕೆಲಸ ಅಂತ ನನಗೂ ಈಗಲೇ ತಿಳಿಯುತ್ತಿದೆ, ನನಗೆ ನಾಚಿಕೆಯಾಗುತ್ತಿದೆ ಅಂದರು.

ನಾನು ಕನ್ನಡದಲ್ಲೇ ಹೇಳಿದೆ. ಇಂಗ್ಲಿಷು ಬಾಯಿಗೆ ಬರಲಿಲ್ಲ. "ಸಾರ್, ನಾನು ಫೀಲ್ಡಿಂದ ಬಂದ ದಿನಾನೇ ನಿಮಗೆ ಹೇಳಿದೀನಿ. ಆಮೇಲೆ ಮತ್ತೆ ಹೇಳಿದೀನಿ."

"ಹೇಳಿದ್ಯಾ?" ಅವರು ಹುಬ್ಬೇರಿಸಿದರು. "ಮಂಜು, ಇವಳು ಹೇಳಿದ್ಲಾ? ನೀನು ಇದ್ದೆ ತಾನೇ ಲ್ಯಾಬಲ್ಲಿ?"

ಮಂಜು 'ಹೂಂ' ಅಂದುಬಿಟ್ಟರೆ ಮುಗಿಯಿತು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ತನ್ನ ಶೂ ನೋಡಿಕೊಳ್ಳುತ್ತಿದ್ದ. ಶೂಗೆ ಗೋಡು ಮೆತ್ತಿತ್ತು, ಬಂಡೆಗೆ ಒರೆಸಿದ.

"ನೆನಪಿಲ್ಲ ಸಾರ್."

ಅಮ್ಮನಿಗೆ ಏನೋ ತಪ್ಪಾಗಿದೆ ಅಂತ ಅಷ್ಟೊತ್ತಿಗೆ ಗೊತ್ತಾಗಿತ್ತು. ತೀರ್ಥದ ಬಟ್ಟಲು ಹಿಡಿದುಕೊಂಡೇ ಮುಂದೆ ಬಂದಳು. "ಏನಾಯ್ತು ಸಾಮಿ? ಮಗು ಏನಾರ ತಪ್ಪು ಮಾಡ್ತಾ?"

ಗೈಡು ಅವಳ ಕಡೆ ತಿರುಗಿದರು. ನಾನು ಪಿಯುಸಿಯಲ್ಲಿದ್ದಾಗ ಇದೇ ಬಂಡೆಯ ಮೇಲೆ ಕೂರಿಸಿಕೊಂಡು ಹೇಳಿದ ಅದೇ ತಾಳ್ಮೆಯ ದನಿ.

"ಮಗು ಅಲ್ಲಮ್ಮಾ, ನೀವು. ಈ ಕಂಬ ಇಡೀ ದೇಶದ ಗೂಟ. ಇದನ್ನ ಹಿಡ್ಕೊಂಡೇ ಹಿಮಾಲಯದಲ್ಲಿ ಭೂಮಿ ಯಾವಾಗ ನಡುಗತ್ತೆ, ಎಷ್ಟು ನಡುಗತ್ತೆ ಅಂತ ನಾವು ಲೆಕ್ಕ ಹಾಕೋದು. ನೀವು ಗೂಟಾನೇ ಅಲ್ಲಾಡಿಸಿಬಿಟ್ರಿ. ನಾಳೆ ಅಲ್ಲಿ ಭೂಕಂಪ ಆಗಿ ಜನ ಸತ್ರೆ ಆ ಪಾಪ ಯಾರಿಗೆ ಬರತ್ತೆ? ನಿಮ್ಮ ದೇವರನ್ನೇ ಕೇಳಿ ನೋಡಿ."

ಕೈಯಲ್ಲಿದ್ದ ಕೊಬ್ಬರಿ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡು, ಕೈ ಒರೆಸಿಕೊಂಡು ಕಾರಿನ ಕಡೆ ಹೋದರು. ಆ ಮಾತನ್ನು ಬೀದಿಯೆಲ್ಲ ಕೇಳಿಸಿಕೊಂಡಿತ್ತು. ಅಮ್ಮ ಹಚ್ಚಿಟ್ಟ ಹಣತೆಗಳನ್ನು ಒಂದೊಂದಾಗಿ ಆರಿಸಿದಳು.

ಮೇಡಂ ಕಾರು ಹತ್ತುವ ಮುಂಚೆ ನನ್ನ ಪಕ್ಕ ನಿಂತರು. "ನೀನು ಹೇಳಿದ್ದೆ ಅಂತ ನನಗೆ ಅನಿಸತ್ತೆ. ಆದ್ರೆ ಅನಿಸಿದ್ದನ್ನ ಮೀಟಿಂಗ್ ಮಿನಿಟ್ಸಲ್ಲಿ ಬರೆಯೋಕಾಗಲ್ಲಮ್ಮ." ಒಳ್ಳೆಯ ಹೆಂಗಸು. ಒಳ್ಳೆಯತನದಿಂದಲೇ ನನ್ನನ್ನು ಅಲ್ಲಿ ಬಿಟ್ಟು ಹೋದರು. ಸಮಿತಿ ನನ್ನ ನೋಂದಣಿಯನ್ನು ಶಿಫಾರಸು ಮಾಡಲಿಲ್ಲ. ಪ್ರಾಜೆಕ್ಟು ಸರಿಪಡಿಸಿಕೊಳ್ಳಲು ಗೈಡಿಗೆ ಒಂದು ವರ್ಷ ಹೆಚ್ಚಿಗೆ ಸಮಯ ಕೊಟ್ಟಿತು.

ಮರುದಿನ ಬೆಳಿಗ್ಗೆ ಅಮ್ಮ ಅಂಗಡಿಗೆ ಹೋಗದೆ ಹಾರೆ ಹಿಡಿದು ಬಂಡೆಗೆ ಹೋದಳು. ನಾನೂ ಹಿಂದೆ ಓಡಿದೆ. ಸಹಾಯಕ್ಕೆ ಒಬ್ಬರೂ ಬರಲಿಲ್ಲ. ನೋಡಲು ಎಲ್ಲರೂ ಬಂದರು.

"ಗೌರಮ್ಮ, ದೇವರ ಮೇಲೆ ಹಾರೆ ಎತ್ತೀಯಲ್ಲ, ನಿನ್ನ ಕೈ ಸೇದೋಗ," ಅಂದರು ಶಿವಣ್ಣ.

"ದೇವರಲ್ಲ ಶಿವಣ್ಣೋರೇ. ಗೂಟ ಅದು. ಸಾರ್ ಹೇಳಿದ್ರಲ್ಲ."

"ನಮ್ಮ ಕೈಲಿ ಪೂಜೆ ಮಾಡಿಸೋವಾಗ ಗೊತ್ತಿರ್ಲಿಲ್ವಾ ಗೂಟ ಅಂತ?"

ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿಸಿತು. "ಗಂಡನ್ನ ತಿಂದ್ಲು, ಈಗ ಶಿವನ್ನ ತಿಂತಾವ್ಳೆ." ಹಿಂದಿನ ಸೋಮವಾರವಷ್ಟೇ ಅಮ್ಮನ ಕೈಯಿಂದ ತೀರ್ಥ ತಗೊಂಡ ದನಿ. ಅಮ್ಮ ತಿರುಗಿ ನೋಡಲಿಲ್ಲ. ಚಪ್ಪಡಿಗಳನ್ನು ಮೀಟಿ ಕೆಡವಿದೆವು, ಬಿಲ್ವದ ಸಸಿ ಕಿತ್ತೆವು, ಗೋಡನ್ನು ಬಾಣಲಿಯಲ್ಲಿ ಹೊತ್ತು ಹೊತ್ತು ಮೋರಿಗೆ ಸುರಿದೆವು. ಅವಳು ಕಂಬಕ್ಕೆ ಹಾರೆಯ ತುದಿ ತಾಗದಂತೆ ಹತ್ತಿರದ ಮಣ್ಣನ್ನೆಲ್ಲ ಬರಿಗೈಯಲ್ಲಿ ಬಗೆದಳು. ಆಮೇಲೆ ಆ ಬೀದಿಯಲ್ಲಿ ನಾವು ಹೆಚ್ಚು ಕಾಲ ಇರಲಾಗಲಿಲ್ಲ. ನೀರು ಹಿಡಿಯುವ ಸಾಲಿನಲ್ಲಿ ನಿಂತರೆ ನಮ್ಮ ಕೊಡ ಹಿಂದೆ ಸರಿದಿರುತ್ತಿತ್ತು. ಹುಳಿಮಾವಿನ ಕಡೆ ಒಂದು ಬಾಡಿಗೆ ಮನೆ ಹುಡುಕಿಕೊಂಡು ಹೋದೆವು.

ಮಂಜುವಿಗೆ ಡಾಕ್ಟರೇಟ್ ಬಂತು. ಗೈಡು ಒಂದು ಹೊಸ ಪ್ರಬಂಧ ಬರೆದರು. ದೊಡ್ಡ ಐಡಿಯಾ ಸತ್ತಿತ್ತು, ಆದರೆ ಮನುಷ್ಯ ಸಾಯಲಿಲ್ಲ. ಮಣ್ಣು ಊದಿಕೊಂಡು ಅಳತೆಯ ಕಂಬ ಹೇಗೆ ವಾಲುತ್ತದೆ, ಅದನ್ನು ಭೂಮಿಯ ತೊಗಟೆಯ ಬಾಗುವಿಕೆ ಎಂದು ತಪ್ಪು ತಿಳಿಯುವುದು ಎಷ್ಟು ಸುಲಭ ಅನ್ನುವ ಬಗ್ಗೆ. ನಾನು ಹೇಳಿದ್ದೇ, ಸಾಲು ಸಾಲಾಗಿ. ನನ್ನ ಹೆಸರಿಲ್ಲ. ಅದನ್ನು ಓದಿಯೇ ನನಗೆ ತಿಳಿದದ್ದು: ಕಟ್ಟೆ ಹೋದ ಮೇಲೆ ಬೇಸಿಗೆ ಪೂರ್ತಿ ಕಂಬ ಹಿಂದಕ್ಕೆ ವಾಲಿದೆ, ಹೋದಷ್ಟೂ ವಾಪಸು ಬಂದಿಲ್ಲ. ಉಳಿಕೆ ಚಿಕ್ಕದು, ಶಾಶ್ವತ, ಲೆಕ್ಕದಲ್ಲಿ ಸುಲಭವಾಗಿ ಕಳೆಯಬಹುದು ಅಂತ ಬರೆದಿದ್ದಾರೆ.

ಈಗ ನಾನು ಜಯನಗರದ ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್. ಭೂಕಂಪದ ಪಾಠವನ್ನು ಬಸ್ಸಿನ ಬಾಗಿಲಿಂದ ಶುರು ಮಾಡುತ್ತೇನೆ. ಹುಡುಗರು ನಗುತ್ತಾರೆ, ಅರ್ಥ ಮಾಡಿಕೊಳ್ಳುತ್ತಾರೆ. ಚೆನ್ನಾಗಿ ಹೇಳುತ್ತೇನೆ ಅಂತ ನನಗೆ ಗೊತ್ತು. ಅದನ್ನು ಯಾರ ಸಮಿತಿಯೂ ಹೇಳಬೇಕಾಗಿಲ್ಲ.

ಹೇಳಿ ಒಪ್ಪಿಸಲಾಗದವಳು ಮನೆಯಲ್ಲಿದ್ದಾಳೆ. ಉತ್ತರದಲ್ಲಿ ಎಲ್ಲಿಯಾದರೂ ನೆಲ ನಡುಗಿದ ಸುದ್ದಿ ಟಿವಿಯಲ್ಲಿ ಬಂದರೆ ಅಮ್ಮ ಆ ದಿನ ಊಟ ಮಾಡುವುದಿಲ್ಲ. ಕುಸಿದ ಮನೆಗಳನ್ನು ತೋರಿಸುತ್ತಾರೆ, ಕಲ್ಲಿನ ಕೆಳಗಿಂದ ಯಾರನ್ನೋ ಎಳೆಯುತ್ತಾರೆ. ಅವಳು ಗೋಡೆಗೊರಗಿ ಕೂತು, ಸುಟ್ಟ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಪೂರ್ತಿ ನೋಡುತ್ತಾಳೆ. ಒಂದು ಸಲ ತಟ್ಟೆ ಹಿಡಿದು ಅವಳ ಮುಂದೆ ಕೂತೆ.

"ಅಮ್ಮ, ಅದು ನಮ್ಮ ಅಜ್ಜನ ಅಜ್ಜ ಹುಟ್ಟೋಕ್ಕೂ ಮುಂಚಿಂದ ಬಾಗ್ತಾ ಇರೋ ನೆಲ. ನಿನ್ನ ಒಂದು ಬಾಣಲಿ ಮಣ್ಣಿಂದ ಏನೂ ಆಗಲ್ಲ. ನೀನು ಅಲ್ಲಾಡಿಸಿದ್ದು ಒಂದು ಕಂಬ, ಅಷ್ಟೇ. ಭೂಮಿ ಅಲ್ಲ."

"ನೀನು ಹೇಳ್ತೀಯ."

"ನಾನು ಓದಿದೀನಿ ಅಮ್ಮ. ಇದನ್ನೇ ಓದಿರೋದು. ನೀನೇ ಓದಿಸಿದ್ದು."

ಅವಳು ನನ್ನನ್ನು ಕನಿಕರದಿಂದಲೇ ನೋಡಿದಳು. ಆಮೇಲೆ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.

"ನಿಂಗೆ ಆ ಮುಂದಿನ ಓದು ಕೊಡ್ಲಿಲ್ವಲ್ಲೇ ಅವರು," ಅಂದಳು. "ಕೊಟ್ಟಿದ್ರೆ ನಿನ್ನ ಮಾತು ನಂಬ್ತಿದ್ದೆ."